ಟ್ರಂಕಿನಲ್ಲಿರುವ ಕಾಮಿಕ್ಸ್‌ಗೆ ಯಾವ ಸಾಫ್ಟ್‌ವೇರ್ ಸರಿ?

ಕಾಮಿಕ್ಸ್ ಪಟ್ಟಿ ಮಾಡಲು ಯಾವ ಆಪ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಟ್ರಂಕಿನಲ್ಲಿ ಏನೇನಿದೆ? ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಬೆರಕೆ ಸಂಗ್ರಹ. ಅಟ್ಟದ ಮೇಲೆ ಕನ್ನಡದ ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರ ಕಥೆ, ಬೈಂಡ್ ಹಾಕಿಸಿದ ಚಂದಮಾಮ, ಡಿಂಗನಿಗಾಗಿ ಜೋಪಾನ ಮಾಡಿದ ಬಾಲಮಂಗಳ, ಒಂದಷ್ಟು ಟಿಂಕಲ್. ಅದರ ಪಕ್ಕದಲ್ಲಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮಗನೋ ಮಗಳೋ ತಂದಿಟ್ಟ ಅಮೆರಿಕದ ಮಾರ್ವೆಲ್, ಡಿಸಿ. ಇವೆಲ್ಲಕ್ಕೂ ಒಂದೇ ಸಾಫ್ಟ್‌ವೇರ್ ಸಾಕು ಎಂದು ಹೊರಟವರು ಅರ್ಧಕ್ಕೇ ಬಿಟ್ಟು ಎದ್ದದ್ದನ್ನು ನೋಡಿದ್ದೇನೆ.

ಕಾರಣ ಸರಳ. ಪಟ್ಟಿ ಮಾಡುವುದು ಒಂದು ಕೆಲಸ, ಬೆಲೆ ಕಟ್ಟುವುದು ಇನ್ನೊಂದು ಕೆಲಸ. ಜಾಹೀರಾತುಗಳು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರುತ್ತವೆ. ಅಮೆರಿಕದ ಕಾಮಿಕ್ಸ್‌ಗೆ ಆ ಗಂಟು ಚೆನ್ನಾಗಿಯೇ ಹೊಂದುತ್ತದೆ. ಕನ್ನಡದ ಕಾಮಿಕ್ಸ್‌ಗೆ ಹೊಂದುವುದಿಲ್ಲ. ಹಾಗಾಗಿ ಇಲ್ಲಿ ಎರಡನ್ನೂ ಬಿಡಿಸಿಯೇ ಹೋಲಿಸುತ್ತೇನೆ.

ಬಾರ್‌ಕೋಡ್ ಇರುವ ಪುಸ್ತಕಗಳಿಗೆ

ಅಮೆರಿಕದ ಕಾಮಿಕ್ಸ್‌ನ ಮುಖಪುಟಕ್ಕೆ ಬಾರ್‌ಕೋಡ್ ಬಂದದ್ದು 1970ರ ದಶಕದ ನಡುವಿನಲ್ಲಿ. ಈಗಿನ ಸಂಚಿಕೆಗಳಲ್ಲಿ ದೊಡ್ಡ ಕೋಡಿನ ಪಕ್ಕ ಐದು ಅಂಕಿಯ ಚಿಕ್ಕ ಕೋಡ್ ಕೂಡ ಇರುತ್ತದೆ. ಅದರ ಮೊದಲ ಮೂರು ಅಂಕಿ ಸಂಚಿಕೆಯ ಸಂಖ್ಯೆ. ನಾಲ್ಕನೆಯದು ಯಾವ ಮುಖಪುಟ ಎಂಬುದು, ಐದನೆಯದು ಎಷ್ಟನೇ ಮುದ್ರಣ ಎಂಬುದು. ಒಂದೇ ಸಂಚಿಕೆಯನ್ನು ನಾಲ್ಕೈದು ಬೇರೆ ಬೇರೆ ಮುಖಪುಟ ಹಾಕಿ ಮಾರುವ ಕಾಲ ಇದು. ಆ ಚಿಕ್ಕ ಕೋಡ್ ಕ್ಯಾಮೆರಾಗೆ ಸರಿಯಾಗಿ ಸಿಗಲಿಲ್ಲ ಎಂದರೆ ನಿಮ್ಮ ಕೈಯಲ್ಲಿರುವುದು ಒಂದು, ಪಟ್ಟಿಗೆ ಏರುವುದು ಇನ್ನೊಂದು.

ಈ ಕೆಲಸದಲ್ಲಿ ಸಿಎಲ್‌ಝಡ್ ಕಾಮಿಕ್ಸ್ ಎಲ್ಲರಿಗಿಂತ ಮುಂದಿದೆ. ನೆದರ್‌ಲ್ಯಾಂಡ್ಸ್‌ನ ಕಲೆಕ್ಟರ್ಜ್ ಕಂಪನಿಯದು. ಫೋನಿಗೆ ಆಪ್ ಇದೆ, ಕಂಪ್ಯೂಟರಿಗೆ ಬ್ರೌಸರ್‌ನಲ್ಲಿ ತೆರೆಯುವ ಆವೃತ್ತಿ ಇದೆ. ಬಾರ್‌ಕೋಡ್ ತೋರಿಸಿದರೆ ಮುಖಪುಟದ ಚಿತ್ರ, ಪ್ರಕಟವಾದ ದಿನ, ಬರೆದವರು, ಚಿತ್ರ ಬಿಡಿಸಿದವರು, ಎಲ್ಲ ತಾನೇ ತುಂಬಿಕೊಳ್ಳುತ್ತದೆ. ಕೋವರ್‌ಪ್ರೈಸ್ ಎಂಬ ಸಂಸ್ಥೆಯ ಬೆಲೆಗಳನ್ನೂ ಅದರೊಳಗೇ ತೋರಿಸುತ್ತದೆ. ಸ್ಕ್ಯಾನ್ ಮಾಡುವಾಗ ಇಂಟರ್‌ನೆಟ್ ಬೇಕು. ಆಮೇಲೆ ಪಟ್ಟಿ ಫೋನಿನಲ್ಲೇ ಉಳಿಯುವುದರಿಂದ ಟವರ್ ಸಿಗದ ತೋಟದಲ್ಲಿ ಕೂತೂ ನೋಡಬಹುದು. ಮೂಡಿಗೆರೆ, ಕೊಪ್ಪ ಕಡೆಯವರಿಗೆ ಇದು ಸಣ್ಣ ಮಾತಲ್ಲ.

ಇದು ಬಿಟ್ಟಿ ಅಲ್ಲ, ಚಂದಾ ಕಟ್ಟಬೇಕು. ಪ್ಲೇ ಸ್ಟೋರ್ ಮೂಲಕ ಕಟ್ಟಿದರೆ ರೂಪಾಯಿಯಲ್ಲಿ, ಯುಪಿಐನಲ್ಲೇ ಮುಗಿಯುತ್ತದೆ. ಕಂಪನಿಯ ಸೈಟಿನಲ್ಲಿ ನೇರವಾಗಿ ಡಾಲರ್‌ನಲ್ಲಿ ಕಟ್ಟುವುದಾದರೆ ವಿದೇಶಿ ಬಳಕೆಗೆ ತೆರೆದ ಕಾರ್ಡ್ ಬೇಕು. 2020ರಿಂದ ಹೊಸ ಕಾರ್ಡ್‌ಗಳಲ್ಲಿ ಆ ಸೌಲಭ್ಯ ಮುಚ್ಚಿಯೇ ಬರುತ್ತದೆ, ಬ್ಯಾಂಕಿನ ಆಪ್‌ನಲ್ಲಿ ನಾವೇ ತೆರೆಯಬೇಕು.

ಕಾಮಿಕ್‌ಬೇಸ್ ಇದಕ್ಕಿಂತ ಹಳೆಯದು, 1992ರಿಂದಲೂ ಇದೆ. ವಿಂಡೋಸ್ ಕಂಪ್ಯೂಟರಿಗೆ ಮಾಡಿದ್ದು. ಡೇಟಾಬೇಸ್ ದೊಡ್ಡದು, ವರದಿಗಳು ಚೆನ್ನಾಗಿವೆ, ಮಾರುವುದಕ್ಕೆ ಅಟಾಮಿಕ್ ಅವೆನ್ಯೂ ಎಂಬ ಅವರದೇ ಮಾರುಕಟ್ಟೆಗೂ ಜೋಡಣೆ ಇದೆ. ಆದರೆ ಆ ಮಾರುಕಟ್ಟೆ ನಡೆಯುವುದು ಅಮೆರಿಕದಲ್ಲಿ. ಹಾಸನದಿಂದ ಒಂದು ಕಾಮಿಕ್ ಅಲ್ಲಿಗೆ ಕಳಿಸುವ ಅಂಚೆ ಖರ್ಚೇ ಹಲವು ಸಲ ಪುಸ್ತಕದ ಬೆಲೆಗಿಂತ ಜಾಸ್ತಿ. ಇಲ್ಲಿ ಕೂತವರು ಅದಕ್ಕೆ ದುಡ್ಡು ಹಾಕಲು ನನಗೆ ಕಾರಣ ಕಾಣುವುದಿಲ್ಲ.

ಲೀಗ್ ಆಫ್ ಕಾಮಿಕ್ ಗೀಕ್ಸ್ ಉಚಿತವಾಗಿ ಬಳಸಬಹುದಾದದ್ದು. ಪ್ರತಿ ವಾರ ಅಮೆರಿಕದಲ್ಲಿ ಏನು ಬಿಡುಗಡೆಯಾಯಿತು, ಅದರಲ್ಲಿ ಯಾವುದು ನನ್ನ ಬಳಿ ಇದೆ, ಯಾವುದು ಬೇಕು ಎಂದು ಗುರುತು ಹಾಕಿಕೊಳ್ಳಲು ಹೇಳಿ ಮಾಡಿಸಿದ ಹಾಗಿದೆ. ಮಾರ್ವೆಲ್, ಡಿಸಿ ಸೇರಿ ನೂರರ ಒಳಗಿದ್ದರೆ ಇದೇ ಸಾಕು, ಸುಮ್ನೆ ಚಂದಾ ಕಟ್ಟಬೇಡಿ. ನೂರು ದಾಟಿ, ತಿಂಗಳಿಗೆ ನಾಲ್ಕಾರು ಹೊಸದು ಸೇರುತ್ತಲೇ ಇದ್ದರೆ ಸಿಎಲ್‌ಝಡ್‌ಗೆ ಹೋಗಿ. ಕೀ ಕಲೆಕ್ಟರ್ ಎಂಬ ಇನ್ನೊಂದು ಆಪ್ ಪಟ್ಟಿಗಿಂತ ಬೇಟೆಗೆ ಒಳ್ಳೆಯದು. ಒಂದು ಪಾತ್ರ ಮೊದಲ ಸಲ ಕಾಣಿಸಿಕೊಂಡ ಸಂಚಿಕೆ ಯಾವುದು, ಯಾವುದಕ್ಕೆ ಕೇಳುವವರು ಹೆಚ್ಚು ಎಂದು ಹೇಳುತ್ತದೆ. ಬೆಂಗಳೂರಿನ ಹಳೆ ಪುಸ್ತಕದ ಅಂಗಡಿಯಲ್ಲಿ ರಾಶಿ ಕೆದಕುವಾಗ ಜೇಬಿನಲ್ಲಿರಲಿ.

ಕೋಮ್ಗಾ, ಕವಿತಾ ಅಂತೆಲ್ಲ ಹೆಸರು ಕೇಳಿರಬಹುದು. ಅವು ಕಂಪ್ಯೂಟರಿನಲ್ಲಿರುವ ಡಿಜಿಟಲ್ ಕಾಮಿಕ್ಸ್ ಓದಲು, ಜೋಡಿಸಿಡಲು ಇರುವಂಥವು. ಟ್ರಂಕಿಗೂ ಅವಕ್ಕೂ ಸಂಬಂಧವಿಲ್ಲ.

ಪರದೆಯ ಮೇಲೆ ಕಾಣುವ ಬೆಲೆ

ಈ ಆಪ್‌ಗಳು ತೋರಿಸುವ ಬೆಲೆ ಎಲ್ಲಿಂದ ಬರುತ್ತದೆ? ಬಹುಪಾಲು ಅಮೆರಿಕದ ಆನ್‌ಲೈನ್ ಮಾರಾಟಗಳಿಂದ. ಗೋಕಲೆಕ್ಟ್, ಜಿಪಿಅನಾಲಿಸಿಸ್ ಎಂಬ ಬೆಲೆ ತೋರಿಸುವ ಸೈಟುಗಳೆರಡೂ ಮುಖ್ಯವಾಗಿ ನೋಡುವುದು ಸಿಜಿಸಿ ಸಂಸ್ಥೆ ಪರೀಕ್ಷಿಸಿ, ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿದ ಪ್ರತಿಗಳ ಮಾರಾಟವನ್ನು. 2000ದಲ್ಲಿ ಶುರುವಾದ ಈ ಸಂಸ್ಥೆ 0.5ರಿಂದ 10ರವರೆಗೆ ಅಂಕ ಕೊಡುತ್ತದೆ. 9.4 ಎಂದರೆ ಹೆಚ್ಚುಕಮ್ಮಿ ಹೊಸದರಂತೆ. 6.0 ಎಂದರೆ ಓದಿದ ಗುರುತು ಇದೆ, ಆದರೂ ಗಟ್ಟಿ. 2.0 ಎಂದರೆ ಎಲ್ಲ ಪುಟ ಇವೆ, ಚೆನ್ನಾಗಿ ಸವೆದಿದೆ. ಕಾಗದದ ಮೇಲಿನ ಬೆಲೆಪಟ್ಟಿ ಬೇಕು ಎನ್ನುವವರಿಗೆ 1970ರಿಂದ ಬರುತ್ತಿರುವ ಓವರ್‌ಸ್ಟ್ರೀಟ್ ಗೈಡ್ ಇದೆ. ಅದೂ ಅಮೆರಿಕದ ಕಾಮಿಕ್ಸ್‌ಗೇ.

ಕಾಫಿ ಬೆಳೆಯುವವರಿಗೆ ಈ ಗೊಂದಲ ಹೊಸದೇನಲ್ಲ. ರೊಬಸ್ಟಾಗೆ ಲಂಡನ್ ರೇಟು, ಅರೇಬಿಕಾಗೆ ನ್ಯೂಯಾರ್ಕ್ ರೇಟು ಬೆಳಿಗ್ಗೆಯೇ ಫೋನಿಗೆ ಬರುತ್ತದೆ. ಚಿಕ್ಕಮಗಳೂರಿನ ವ್ಯಾಪಾರಿ ಮಾತ್ರ ಮೂಟೆಯಿಂದ ಒಂದು ಹಿಡಿ ತೆಗೆದು, ತೇವ ನೋಡಿ, ಔಟ್‌ಟರ್ನ್ (ಒಣಗಿದ ಕಾಯಿಗೆ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ) ನೋಡಿ ತನ್ನ ರೇಟು ಹೇಳುತ್ತಾನೆ. ಕೈಗೆ ಬರುವುದು ಆ ದುಡ್ಡು. ಅಮೆರಿಕದ ಕಾಮಿಕ್ಸ್‌ಗಾದರೆ ಆ ಲಂಡನ್ ರೇಟಾದರೂ ಉಂಟು. ಇಂದ್ರಜಾಲದಲ್ಲಿ ಬಂದ ಕನ್ನಡದ ಫ್ಯಾಂಟಮ್‌ಗೆ ಅದೂ ಇಲ್ಲ.

ಇನ್ನೊಂದು ವಿಷಯ. ಆಪ್ ತೋರಿಸುವ ಬೆಲೆ ನೀವು ಹಾಕಿದ ಅಂಕಕ್ಕೆ ತಕ್ಕಂತೆ ಏರಿಳಿಯುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು. ತಮ್ಮ ಪುಸ್ತಕಕ್ಕೆ 9.4 ಹಾಕದೆ ಇರುವವರು ಕಡಿಮೆ. ಮಲೆನಾಡಿನಲ್ಲಿ ನಾಲ್ಕು ಮಳೆಗಾಲ ಕಳೆದ ಕಾಮಿಕ್‌ಗೆ 9.4 ಬರುವುದು ಬಹಳ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮನೆಯಲ್ಲಿ ಪಿನ್ನು ತುಕ್ಕು ಹಿಡಿಯುತ್ತದೆ, ತುಕ್ಕು ಕಾಗದಕ್ಕೆ ಇಳಿಯುತ್ತದೆ. ಬೂಷ್ಟಿನ ಚುಕ್ಕೆ ಬೀಳುತ್ತದೆ. ಪುಟಗಳು ಅಲೆಅಲೆಯಾಗುತ್ತವೆ. ಹಾಗಾಗಿ ಅಂಕ ಹಾಕುವಾಗ ಮನಸ್ಸಿಗೆ ಬಂದದ್ದಕ್ಕಿಂತ ಎರಡು ಮೆಟ್ಟಿಲು ಕೆಳಗೆ ಹಾಕಿ. ಆಗ ಬರುವ ಮೊತ್ತ ನೋಡಿ ಬೇಸರ ಆಗಬಹುದು. ಮಾರಲು ಹೋದಾಗ ಆಗುವ ಬೇಸರಕ್ಕಿಂತ ಅದು ಕಡಿಮೆ.

ಕನ್ನಡದ ಸಂಚಿಕೆಗಳ ಗೋಜಲು

ಈ ಸಾಫ್ಟ್‌ವೇರ್‌ಗಳು ಸೋಲುವುದು ಇಲ್ಲಿ. ಇವುಗಳ ಲೆಕ್ಕದಲ್ಲಿ ಒಂದು ಸರಣಿ ಎಂದರೆ ಒಂದು ಹೆಸರು, ಒಂದು ಭಾಷೆ, 1ರಿಂದ ಶುರುವಾಗುವ ಸಂಖ್ಯೆ. ನಮ್ಮ ಕಾಮಿಕ್ಸ್‌ನ ಚರಿತ್ರೆ ಅಷ್ಟು ನೆಟ್ಟಗೆ ನಡೆದಿಲ್ಲ.

ಅಮರ ಚಿತ್ರ ಕಥೆಯನ್ನೇ ನೋಡಿ. ಅದರ ಸಂಪಾದಕ ಅನಂತ್ ಪೈ ಅವರ ಇಂಗ್ಲಿಷ್ 'ಕೃಷ್ಣ'ದ ಸಂಖ್ಯೆ 11. ಮೊದಲ ಹತ್ತು ಎಲ್ಲಿ ಎಂದು ಇಂಗ್ಲಿಷ್ ಸಂಗ್ರಹಕಾರರು ತಲೆ ಕೆರೆದುಕೊಳ್ಳುತ್ತಾರೆ. ಆ ಹತ್ತು ಬಂದದ್ದು ಕನ್ನಡದಲ್ಲಿ! 1965ರ ಸುಮಾರಿಗೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ, ಸಿಂಡ್ರೆಲಾ ಥರದ ಪಾಶ್ಚಾತ್ಯ ಕಥೆಗಳ ಕನ್ನಡ ರೂಪವಾಗಿ ಅವು ಹೊರಬಂದವು. ಆಮೇಲೆ ಅದೇ 'ಕೃಷ್ಣ' ಹೊಸ ರೂಪದಲ್ಲಿ ಮರುಮುದ್ರಣವಾದಾಗ ಸಂಖ್ಯೆ 501 ಆಯಿತು. ಅಂದರೆ ಒಂದೇ ಕಥೆ, ಎರಡು ಸಂಖ್ಯೆ. ಸಂಖ್ಯೆ ನೋಡಿ ಹಳೆಯದು, ಹೊಸದು ಎಂದು ತೀರ್ಮಾನಿಸುವ ಆಪ್‌ಗೆ ಇದು ಅರ್ಥವೇ ಆಗುವುದಿಲ್ಲ. ಮುದ್ರಣ ಗುರುತಿಸಲು ಒಳಪುಟದ ಪ್ರಕಾಶಕರ ಹೆಸರನ್ನು ನೋಡಬೇಕು. ಎಸಿಕೆ ಮೀಡಿಯಾ ಎಂದಿದ್ದರೆ ಅದು 2007ರ ಅಥವಾ ಅದರ ನಂತರದ ಪ್ರತಿ. ಇಂಡಿಯಾ ಬುಕ್ ಹೌಸ್ ಎಂದಿದ್ದರೆ ಅದಕ್ಕೂ ಹಿಂದಿನದು. ಜೊತೆಗೆ ಮುಖಪುಟದ ಬೆಲೆ. ಒಂದೇ ಕಥೆಯ ಎರಡು ಪ್ರತಿಗಳಲ್ಲಿ ಯಾವುದು ಮೊದಲಿನದು ಎಂದು ಹೇಳಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಇಂದ್ರಜಾಲದ್ದು ಇನ್ನೊಂದು ಬಗೆ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಶುರು ಮಾಡಿ 1990ರಲ್ಲಿ ನಿಲ್ಲಿಸಿತು. ಫ್ಯಾಂಟಮ್, ಮಾಂಡ್ರೇಕ್, ಆಮೇಲೆ ನಮ್ಮವನೇ ಆದ ಬಹಾದುರ್. ಮೊದಲು 1, 2, 3 ಎಂದು ಓಡಿದ ಸಂಖ್ಯೆ 1980ರ ದಶಕದಲ್ಲಿ ಸಂಪುಟ, ಸಂಚಿಕೆ ಪದ್ಧತಿಗೆ ತಿರುಗಿತು. ಸಂಪುಟ 20 ಎಂದು ಮುಖಪುಟದಲ್ಲಿ ಕಂಡರೆ ಅದು ಇಪ್ಪತ್ತನೇ ಸಂಚಿಕೆಯಲ್ಲ, ಇಪ್ಪತ್ತನೇ ವರ್ಷ. ಇಂಗ್ಲಿಷ್ ಪಟ್ಟಿಯ ಸಂಖ್ಯೆಯನ್ನು ಕನ್ನಡದ ಪ್ರತಿಗೆ ಹಾಗೇ ಹಚ್ಚಬೇಡಿ, ನಿಮ್ಮ ಕೈಯಲ್ಲಿರುವ ಪುಸ್ತಕದ ಮೇಲೆ ಏನಿದೆಯೋ ಅದನ್ನೇ ಬರೆಯಿರಿ.

ಚಂದಮಾಮ ಕಾಮಿಕ್ಸ್ ಹೌದೋ ಅಲ್ಲವೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂದ ಪತ್ರಿಕೆ ಅದು. ಅದರ ಮುಖ್ಯ ತೊಂದರೆ ಬೈಂಡಿಂಗ್. ನಮ್ಮ ಹಿರಿಯರು ಆರೋ ಹನ್ನೆರಡೋ ಸಂಚಿಕೆ ಸೇರಿಸಿ ಬೈಂಡ್ ಹಾಕಿಸಿಟ್ಟರು. ಪುಸ್ತಕ ಉಳಿದದ್ದು ಅದರಿಂದಲೇ. ಆದರೆ ಬೈಂಡ್ ಮಾಡುವಾಗ ಅಂಚು ಕತ್ತರಿಸುತ್ತಾರೆ, ಕೆಲವೊಮ್ಮೆ ಮುಖಪುಟವನ್ನೇ ತೆಗೆದು ಎಸೆಯುತ್ತಾರೆ. ಸಿಎಲ್‌ಝಡ್‌ನಲ್ಲಿ 'ಹನ್ನೆರಡು ಸಂಚಿಕೆ, ಒಂದು ರಟ್ಟು, ಮೂರು ಮುಖಪುಟ ಇಲ್ಲ' ಎಂದು ಬರೆಯಲು ತಕ್ಕ ಜಾಗವಿಲ್ಲ. ಟಿಪ್ಪಣಿಯಲ್ಲಿ ಬರೆಯಬಹುದು, ಆದರೆ ಆಮೇಲೆ ಹುಡುಕಿ ಬೇರ್ಪಡಿಸುವುದು ಕಷ್ಟ. ಸರ್ಕ್ಯುಲೇಟಿಂಗ್ ಲೈಬ್ರರಿಯ ಸೀಲು, ಪೆನ್ನಿನಲ್ಲಿ ತುಂಬಿದ ಪದಬಂಧ, ಕತ್ತರಿಸಿಕೊಂಡ ಕೂಪನ್, ಇವೂ ಅಷ್ಟೇ.

ಹಾಗಾದರೆ ಯಾವುದು?

ಕನ್ನಡದ ಭಾಗಕ್ಕೆ ನನ್ನ ಆಯ್ಕೆ ಗೂಗಲ್ ಶೀಟ್ಸ್. ನೋಡಲು ಸಪ್ಪೆ, ಆದರೆ ಎಲ್ಲ ಕಾಲಂ ನಮ್ಮದೇ. ದುಡ್ಡಿಲ್ಲ. ಫೋನಿನಲ್ಲಿ ಆ ಫೈಲನ್ನು ಆಫ್‌ಲೈನ್‌ಗೆ ಗುರುತು ಹಾಕಿಟ್ಟರೆ ನೆಟ್ ಇಲ್ಲದಾಗಲೂ ಬರೆಯಬಹುದು. ಹಾಸನದಲ್ಲಿರುವ ಅಣ್ಣ, ಅರಸೀಕೆರೆಯಲ್ಲಿರುವ ತಂಗಿ ಇಬ್ಬರೂ ಒಂದೇ ಶೀಟಿನಲ್ಲಿ ತಮ್ಮ ತಮ್ಮ ಪಾಲು ಸೇರಿಸಬಹುದು.

ಶೀಟ್ ಮಾಡುವಾಗ ಕೆಲವು ಎಚ್ಚರ ಬೇಕು. ಸಂಚಿಕೆ ಸಂಖ್ಯೆಯ ಕಾಲಂ ಅಂಕಿಯಲ್ಲ, ಪಠ್ಯ ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ 20-1 ಎಂದು ಬರೆದದ್ದನ್ನು ಶೀಟು ತಾರೀಖು ಮಾಡಿ ಕೂರುತ್ತದೆ. ಸಾಲಾಗಿ ಜೋಡಿಸಲು ಪಕ್ಕದಲ್ಲಿ ಬರೀ ಅಂಕಿಯ ಇನ್ನೊಂದು ಕಾಲಂ ಇಡಿ. ಸರಣಿಯ ಹೆಸರು, ನಾಯಕನ ಹೆಸರು ಎರಡಕ್ಕೂ ಡ್ರಾಪ್‌ಡೌನ್ ಹಾಕಿ. ಒಂದು ಕಡೆ ಫ್ಯಾಂಟಮ್, ಇನ್ನೊಂದು ಕಡೆ ಫ್ಯಾಂಟಂ ಎಂದು ಟೈಪಾದರೆ ಹುಡುಕುವಾಗ ಅರ್ಧ ಸಿಗುವುದೇ ಇಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿದ ಪಟ್ಟಿ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ. ಹಾಗೇ ಅಂಟಿಸಿದರೆ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ.

ಫೋಟೋ ತಪ್ಪದೆ ತೆಗೆಯಿರಿ: ಮುಖಪುಟ, ಹಿಂಬದಿ, ಬೆಲೆ ಮತ್ತು ಪ್ರಕಾಶಕರ ಹೆಸರಿರುವ ಒಳಪುಟ. ಫೋನಿನ ಒಂದು ಫೋಟೋ 3 ಎಂಬಿ ಎಂದುಕೊಂಡರೆ ಸಾವಿರ ಪುಸ್ತಕಕ್ಕೆ 9 ಜಿಬಿ ಆಯಿತು. ಗೂಗಲ್ ಬಿಟ್ಟಿ ಕೊಡುವುದು ಒಟ್ಟು 15 ಜಿಬಿ, ಅದರಲ್ಲಿ ನಿಮ್ಮ ಇಮೇಲೂ ಸೇರಿದೆ. ಫೋಟೋದ ಅಳತೆ ಚಿಕ್ಕದು ಮಾಡಿಯೇ ಏರಿಸಿ.

ಶೀಟಿನ ಚೌಕಗಳು ಫೋನಿನಲ್ಲಿ ಕಣ್ಣಿಗೆ ಕಷ್ಟ ಎನ್ನುವವರಿಗೆ ಮೆಮೆಂಟೊ ಡೇಟಾಬೇಸ್ ಎಂಬ ಆಪ್ ಇದೆ. ಬೇಕಾದ ಕಾಲಂಗಳನ್ನು ನಾವೇ ಮಾಡಿಕೊಂಡು, ಫಾರ್ಮಿನ ಹಾಗೆ ಒಂದೊಂದೇ ಪುಸ್ತಕ ತುಂಬುತ್ತಾ ಹೋಗಬಹುದು. ಫೋಟೋ ಅಲ್ಲೇ ತೆಗೆದು ಸೇರಿಸಬಹುದು. ಮನೆಯ ಹಿರಿಯರು ಕೂತು ತುಂಬುವುದಾದರೆ ಶೀಟಿಗಿಂತ ಇದು ವಾಸಿ. ಲಿನಕ್ಸ್ ಬಳಸುವವರಿಗೆ ಟೆಲ್ಲಿಕೊ ಇದೆ, ಉಚಿತ, ಕಾಮಿಕ್ಸ್‌ಗೆಂದೇ ಸಿದ್ಧ ನಮೂನೆ ಅದರಲ್ಲಿದೆ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇರುವ ದಪ್ಪ ಸಂಕಲನಗಳೇ ಹೆಚ್ಚಿದ್ದರೆ ಲೈಬ್ರರಿಥಿಂಗ್ ಸಾಕು. 2020ರಿಂದ ಅದು ಪೂರ್ತಿ ಉಚಿತ.

ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. 1994ರಿಂದ ಸ್ವಯಂಸೇವಕರು ಕಟ್ಟುತ್ತಿರುವ ಈ ಸೈಟಿನಲ್ಲಿ ಮಾರುಕಟ್ಟೆ ಬೆಲೆಯ ಮಾತೇ ಇಲ್ಲ. ಜಗತ್ತಿನ ಎಲ್ಲ ಭಾಷೆಯ ಕಾಮಿಕ್ಸ್‌ಗೂ ಅಲ್ಲಿ ಜಾಗ ಇದೆ. ಖಾತೆ ತೆರೆದರೆ ನಿಮ್ಮ ಬಳಿ ಇರುವುದನ್ನು ಗುರುತು ಹಾಕಿಕೊಳ್ಳಬಹುದು. ನಿಮ್ಮ ಕನ್ನಡ ಸಂಚಿಕೆ ಅಲ್ಲಿ ಇಲ್ಲದಿದ್ದರೆ ನೀವೇ ವಿವರ, ಮುಖಪುಟ ಸೇರಿಸಬಹುದು. ಅಲ್ಲಿನ ಸಂಪಾದಕರು ನೋಡಿ ಒಪ್ಪಿದ ಮೇಲೆ ಎಲ್ಲರಿಗೂ ಕಾಣುತ್ತದೆ. ಸ್ವಂತ ಶೀಟಿನಲ್ಲಿ ಕೈಯಾರೆ ಟೈಪಿಸಿದ ಶ್ರಮ ನಿಮ್ಮೊಬ್ಬರಿಗೆ ಆಯಿತು. ಇಲ್ಲಿ ಟೈಪಿಸಿದ್ದು ಮುಂದೆ ಹುಡುಕುವ ಎಲ್ಲರಿಗೂ ಆಯಿತು. ನನಗಂತೂ ಈ ಲೆಕ್ಕ ಹಿಡಿಸಿದೆ.

ನಮ್ಮ ಬೆಲೆಯನ್ನು ನಾವೇ ಬರೆಯುವುದು

ಕನ್ನಡದ ಕಾಮಿಕ್‌ಗೆ ಬೆಲೆ ಹೇಳುವ ಸಾಫ್ಟ್‌ವೇರ್ ನನಗೆ ಸಿಕ್ಕಿಲ್ಲ. ಹಾಗಾಗಿ ಶೀಟಿನಲ್ಲಿ ಬೆಲೆಗೆ ಒಂದಲ್ಲ, ಮೂರು ಕಾಲಂ ಇಡಿ. ನೀವು ಕೊಟ್ಟದ್ದು ಎಷ್ಟು. ಮಾರುವವರು ಕೇಳುತ್ತಿರುವುದು ಎಷ್ಟು. ನಿಜವಾಗಿ ಮಾರಾಟ ಆದದ್ದು ಎಷ್ಟು, ಯಾವ ತಾರೀಖು, ಎಲ್ಲಿ. ಹೆಚ್ಚಿನವರು ಎರಡನೆಯದನ್ನೇ ಮೂರನೆಯದು ಎಂದುಕೊಂಡು ಮೋಸ ಹೋಗುತ್ತಾರೆ. ಒಂದು ಇಂದ್ರಜಾಲಕ್ಕೆ ಯಾರೋ ಐದು ಸಾವಿರ ಎಂದು ಹಾಕಿ ವರ್ಷಗಟ್ಟಲೆ ಕೂತಿದ್ದರೆ, ಆ ಬೆಲೆಗೆ ಕೊಳ್ಳುವವರಿಲ್ಲ ಅಂತ ತಾನೇ ಅರ್ಥ?

ಇಬೇಯ ಅಂತಾರಾಷ್ಟ್ರೀಯ ಸೈಟಿನಲ್ಲಿ 'ಮಾರಾಟವಾದವು' ಎಂಬ ಸೋಸುವಿಕೆ (ಫಿಲ್ಟರ್) ಇದೆ. ಸುಮಾರು ಮೂರು ತಿಂಗಳ ಮಾರಾಟ ಕಾಣುತ್ತದೆ. ಇಂಗ್ಲಿಷ್ ಇಂದ್ರಜಾಲಕ್ಕೆ ಅದು ಸ್ವಲ್ಪ ಅಂದಾಜು ಕೊಡುತ್ತದೆ, ಕನ್ನಡದ್ದಕ್ಕೆ ಅಪರೂಪ. ಕನ್ನಡದ ಪ್ರತಿಗಳು ಕೈ ಬದಲಾಗುವುದು ವಾಟ್ಸಾಪ್, ಫೇಸ್‌ಬುಕ್ ಗುಂಪುಗಳಲ್ಲಿ. ಅಲ್ಲಿ ಒಪ್ಪಂದವಾದ ಬೆಲೆ ಕಂಡ ಕೂಡಲೇ ಶೀಟಿಗೆ ಬರೆಯಿರಿ, ಪುಸ್ತಕ ನಿಮ್ಮದಲ್ಲದಿದ್ದರೂ ಬರೆಯಿರಿ. ನಾಳೆ ಆ ಸಂದೇಶ ಹುಡುಕಿದರೆ ಸಿಗುವುದಿಲ್ಲ. ಇಂಥ ಐವತ್ತು ಸಾಲು ಸೇರಿದರೆ ಯಾವ ಆಪ್‌ಗೂ ಇಲ್ಲದ ತಿಳಿವಳಿಕೆ ನಿಮ್ಮ ಶೀಟಿನಲ್ಲಿರುತ್ತದೆ. ಗುಜರಿ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಕ್ಕದ್ದನ್ನೂ ಸಂಕೋಚ ಪಡದೆ ಆ ಲೆಕ್ಕದಲ್ಲೇ ಬರೆಯಿರಿ. ಅದೂ ಬೆಲೆಯೇ ಅಲ್ವಾ?

ಯಾವುದನ್ನೇ ಆರಿಸಿ, ಹೊರಗೆ ಬರುವ ಬಾಗಿಲು ಮೊದಲು ನೋಡಿ. ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ (ಬೇರೆ ಸಾಫ್ಟ್‌ವೇರ್‌ಗಳಲ್ಲೂ ತೆರೆಯುವ ಸರಳ ಪಟ್ಟಿಯಾಗಿ) ಇಳಿಸಿಕೊಳ್ಳಲು ಬಿಡದ ಆಪ್ ಎಷ್ಟೇ ಚೆಂದವಿರಲಿ, ಬೇಡ. ಕಂಪನಿ ಮುಚ್ಚಿದರೆ ನಿಮ್ಮ ಸಂಜೆಗಳೆಲ್ಲ ಅದರ ಜೊತೆಗೇ ಹೋದವು. ಇಳಿಸಿದ ಫೈಲನ್ನು ಎಕ್ಸೆಲ್‌ನಲ್ಲಿ ನೇರ ತೆರೆದಾಗ ಕನ್ನಡ ಚೆಲ್ಲಾಪಿಲ್ಲಿಯಾಗಿ ಕಂಡರೆ ಹೆದರಬೇಡಿ. ಡೇಟಾ ಮೆನುವಿನಿಂದ ಫೈಲನ್ನು ತರಿಸಿಕೊಂಡು, ಯುಟಿಎಫ್-8 ಎಂದು ಆರಿಸಿದರೆ ಅಕ್ಷರಗಳು ಸರಿಯಾಗುತ್ತವೆ.

ಚಂದಾ ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಟ್ರಂಕಿನಿಂದ ಹತ್ತು ಪುಸ್ತಕ ತೆಗೆಯಿರಿ. ಚೆನ್ನಾಗಿರುವುದಲ್ಲ, ತಲೆನೋವಿನವು: ಮುಖಪುಟ ಇಲ್ಲದ್ದು, ಬೈಂಡ್ ಆದದ್ದು, ಸಂಖ್ಯೆ ಹರಿದುಹೋದದ್ದು, ಒಂದೇ ಕಥೆಯ ಎರಡು ಮುದ್ರಣ, ಕನ್ನಡದ್ದು, ಇಂಗ್ಲಿಷಿನದ್ದು. ಉಚಿತ ಅವಧಿಯಲ್ಲೇ ಹತ್ತನ್ನೂ ತುಂಬಿ ನೋಡಿ. ಏಳೆಂಟನ್ನು ಕೈಯಾರೆ ಟೈಪ್ ಮಾಡಬೇಕಾಗಿ ಬಂದರೆ ದುಡ್ಡು ಕೊಡಬೇಡಿ, ಟೈಪ್ ಮಾಡುವ ಕೆಲಸ ಶೀಟಿನಲ್ಲಿ ಪುಕ್ಕಟೆ ಆಗುತ್ತದೆ. ಮತ್ತೆ, ಇದನ್ನೆಲ್ಲ ಜನವರಿಯಿಂದ ಮೇ ಒಳಗೆ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಹಳೆಯ ಕಾಗದವನ್ನು ಕವರಿನಿಂದ ಹೊರಗೆ ತೆಗೆದು ಹರಡುವುದು ಒಳ್ಳೆಯದಲ್ಲ.